ಗಾಲಿಯ ಮೇಲಣ ಮನೆ

ಮನೆಯೆಂದರೆ ನಿಲ್ಲತಕ್ಕದ್ದು, ಗಾಡಿಯೆಂದರೆ ಚಲಿಸತಕ್ಕದ್ದು. ಇವೆರಡನ್ನೂ ಒಂದೇ ಚೌಕಟ್ಟಿನೊಳಗೆ ಕೂಡಿಸಿದ ವಸ್ತುವಿಗೆ ಕನ್ನಡದಲ್ಲಿ ಇನ್ನೂ ಒಂದು ಹೆಸರು ಊರಿ ನಿಂತಿಲ್ಲ. ಸರಕಾರದ ಕಾಗದಗಳಲ್ಲಿ ಅದು ಮೋಟಾರು ಕ್ಯಾರವಾನ್, ಇಲ್ಲವೆ ಕ್ಯಾಂಪರ್ ವ್ಯಾನ್. ವಸ್ತು ಹೊಸದಾದರೂ ಅದರ ಹಿಂದಿನ ಆಸೆ ಹಳೆಯದು. ನಾಟಕದ ಕಂಪನಿಗಳು ಪರದೆ, ಪೆಟ್ಟಿಗೆ, ಅಡಿಗೆಯ ಪಾತ್ರೆಗಳೊಡನೆ ಲಾರಿಗಳಲ್ಲಿ ಊರೂರು ತಿರುಗಿದ ಕಾಲವನ್ನು ಉತ್ತರ ಕರ್ನಾಟಕದ ಹಿರಿಯರು ಮರೆತಿಲ್ಲ; 1985ರಲ್ಲಿ ಹೆಗ್ಗೋಡಿನ ನೀನಾಸಮ್ ತಿರುಗಾಟ ಹೊರಟದ್ದೂ ಅದೇ ಜಾಡಿನಲ್ಲಿ. ಅಲ್ಲಿ ಗಾಡಿ ಸಾಮಾನನ್ನು ಹೊತ್ತಿತು. ಇಲ್ಲಿ ಸಂಸಾರವನ್ನೇ, ಅದರ ಹಾಸಿಗೆ ಹೊದಿಕೆ, ಒಲೆ, ಮುದುಕಿಯ ಮದ್ದಿನ ಡಬ್ಬಿ ಸಮೇತವಾಗಿ ಹೊರುತ್ತದೆ. ಕಷ್ಟ ಹುಟ್ಟುವುದು ಅಲ್ಲಿಂದಲೇ.

ಹಾನಗಲ್ಲು ತಾಲ್ಲೂಕಿನ ಆಡೂರಿನಲ್ಲಿ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಯಜಮಾನರು ಸೇವೆಯಿಂದ ನಿವೃತ್ತರಾದ ಮೇಷ್ಟರು. ಮನೆಯಲ್ಲಿ ಹೆಂಡತಿ, ಮತ್ತು ಎಂಬತ್ತು ದಾಟಿದ ತಾಯಿ. ತಾಯಿಗೆ ಪಂಢರಪುರವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ. ಆದರೆ ಲಾಡ್ಜುಗಳ ಮೆಟ್ಟಿಲು ಹತ್ತಲು ಆಕೆಯ ಮೊಣಕಾಲುಗಳು ಒಪ್ಪವು. ಮೇಷ್ಟರು ಯೋಚಿಸಿ ಯೋಚಿಸಿ, ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತೆಗೆದು, ಎಂಟು ವರ್ಷ ಬಾಡಿಗೆಗೆ ಓಡಿದ್ದ ಒಂದು ಟೆಂಪೋ ಟ್ರಾವಲರ್ ಕೊಂಡರು. ಹಿಂದಿನ ಆಸನಗಳನ್ನು ಕೀಳಿಸಿ ಎರಡು ಮಂಚ, ಮಡಚುವ ಮೇಜು, ನೀರಿನ ತೊಟ್ಟಿ, ಸಣ್ಣ ಫ್ರಿಜ್ಜು, ಅದನ್ನು ನಡೆಸಲು ಬ್ಯಾಟರಿ, ಮೂಲೆಯಲ್ಲೊಂದು ಗ್ಯಾಸಿನ ಒಲೆ ಇರಿಸಬೇಕೆಂಬುದು ಅವರ ನಕ್ಷೆ. ಬಡಿಗ ಮಂಚಗಳನ್ನು ಮಾಡಿ ಅಂಗಳದಲ್ಲಿ ನಿಲ್ಲಿಸಿದ್ದಾನೆ; ಇನ್ನೂ ಗಾಡಿಗೆ ಬಿಗಿದಿಲ್ಲ.

ಆ ಹೊತ್ತಿಗೆ ಹಾವೇರಿಯಿಂದ ಮೇಷ್ಟರ ಅಣ್ಣನ ಮಗ ಬರುತ್ತಾನೆ. ಅವನಿಗೆ ವಿಮಾ ಕಚೇರಿಯೊಂದರಲ್ಲಿ ಕೆಲಸ. ಗಾಡಿಯನ್ನು ಒಂದು ಸುತ್ತು ಸುತ್ತಿ ನೋಡಿ ಕೇಳುತ್ತಾನೆ:

“ಕಾಕಾ, ಇದಕ್ಕ ವಿಮಾ ಐತೇನ್ರಿ?”

“ಇಲ್ಲದ ಏನೊ ತಮ್ಮಾ? ಹಳೇ ಮಾಲಕ ಮಾರ್ಚ್ ತನಕಾ ತುಂಬ್ಯಾನ.”

“ಅವ ತುಂಬಿದ್ದು ಬಾಡಿಗಿ ಗಾಡಿಗೆ ರಿ. ನಿಮ್ಮ ಅಂಗಳದಾಗ ನಿಂತದ್ದು ಅಡಗಿಮನಿ ಆಗಾಕ ಹೊಂಟೈತಿ.”

ಈ ಒಂದು ಮಾತಿನಲ್ಲಿ ಇಡೀ ವಿಷಯ ಅಡಗಿದೆ. ವಿಮಾ ಪತ್ರವು ವಸ್ತುವನ್ನು ನೋಡಿ ಬರೆದುದಲ್ಲ. ವಸ್ತುವಿನ ಬಗ್ಗೆ ಹೇಳಿದ ಮಾತನ್ನು ನಂಬಿ ಬರೆದುದು. ಮಾತು ಒಂದು, ವಸ್ತು ಇನ್ನೊಂದು ಆದ ದಿನ ಪತ್ರದ ಬಲ ಕುಗ್ಗುತ್ತದೆ. ಅದು ತಿಳಿಯುವುದು ಮಾತ್ರ ಅಪಘಾತವಾದ ಮೇಲೆ.

ಭಾರತದಲ್ಲಿ ಮೋಟಾರು ವಿಮೆಯನ್ನು ಕಡ್ಡಾಯ ಮಾಡಿದ್ದು 1939ರ ಮೋಟಾರು ವಾಹನ ಕಾಯಿದೆ; ವಿಮೆಗೆ ಸಂಬಂಧಿಸಿದ ಅದರ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಈಗ ನಡೆಯುತ್ತಿರುವುದು 1988ರ ಕಾಯಿದೆ, 2019ರ ತಿದ್ದುಪಡಿಗಳೊಡನೆ. ಎರಡರ ಕಣ್ಣೂ ಮುಖ್ಯವಾಗಿ ಗಾಡಿಯ ಒಡೆಯನ ಮೇಲಿಲ್ಲ. ಒಡೆಯ ಮೊದಲನೆಯವ, ಕಂಪನಿ ಎರಡನೆಯವ. ಕಾಯಿದೆ ಕಾಪಾಡಹೊರಟದ್ದು ಮೂರನೆಯವನನ್ನು. ಸಂಜೆಯ ಮಬ್ಬಿನಲ್ಲಿ ಭತ್ತದ ಗದ್ದೆಯಿಂದ ರಸ್ತೆಯಂಚಿನಲ್ಲಿ ಮನೆಗೆ ಹಿಂದಿರುಗುವ ಕೂಲಿಯ ಹೆಂಗಸು ಆ ಮೂರನೆಯವಳು. ಆಕೆಗೆ ಆದ ಜೀವಹಾನಿಗೆ, ಅಂಗಹಾನಿಗೆ ಕಂಪನಿ ತೆರಬೇಕಾದ ಹಣಕ್ಕೆ ಪಾಲಿಸಿಯಲ್ಲಿ ಮೇಲ್ಮಿತಿಯಿಲ್ಲ. ನ್ಯಾಯಮಂಡಳಿ ಎಷ್ಟೆಂದರೆ ಅಷ್ಟು. ಆಸ್ತಿಪಾಸ್ತಿಯ ನಷ್ಟಕ್ಕಾದರೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಯ ಗೆರೆಯುಂಟು. ಈ ವಿಮೆಯಿಲ್ಲದೆ ಗಾಡಿಯನ್ನು ಬೀದಿಗಿಳಿಸಿದರೆ ಮೊದಲ ಸಲ 2,000, ಮರುಸಲ 4,000 ರೂಪಾಯಿ ದಂಡ, ಸೆರೆವಾಸವೂ ಉಂಟು.

ದಂಡಕ್ಕೆ ಯಾರೂ ಅಷ್ಟಾಗಿ ಅಂಜುವುದಿಲ್ಲ. ಅಂಜಬೇಕಾದದ್ದು ಬೇರೆ. ಪಾಲಿಸಿಯ ಕಟ್ಟಳೆಯನ್ನು ಒಡೆಯ ಮುರಿದಿದ್ದಾನೆಂದು ಸಿದ್ಧವಾದಾಗಲೂ ನ್ಯಾಯಾಲಯಗಳು ನೊಂದವರನ್ನು ಬರಿಗೈಯಲ್ಲಿ ಕಳುಹಿಸಲು ಒಪ್ಪದೆ, ಕಂಪನಿ ಮೊದಲು ಅವರಿಗೆ ಹಣ ಕೊಡಲಿ, ಆಮೇಲೆ ಅದನ್ನು ಒಡೆಯನಿಂದ ವಸೂಲು ಮಾಡಿಕೊಳ್ಳಲಿ ಎಂದು ಎಷ್ಟೋ ಮೊಕದ್ದಮೆಗಳಲ್ಲಿ ಆಜ್ಞೆ ಮಾಡಿವೆ. ನೊಂದವರಿಗೆ ಅದು ನ್ಯಾಯ. ಒಡೆಯನ ಪಾಲಿಗೆ? ಹೊಲ, ಮನೆ, ಪಿಂಚಣಿಯ ಉಳಿತಾಯ ಎಲ್ಲವೂ ಆ ವಸೂಲಿಯ ದಾರಿಯಲ್ಲಿ ನಿಂತಿರುತ್ತವೆ. ವಿಮೆಯೇ ಇಲ್ಲದ ವಾಹನ ಅಪಘಾತ ಮಾಡಿದರೆ ಅದನ್ನು ಮಾರಿ ನೊಂದವರಿಗೆ ಪರಿಹಾರ ಕೊಡುವಂತೆ ನಿಯಮ ಮಾಡಿರೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ರಾಜ್ಯಗಳಿಗೆ ಹೇಳಿದೆ.

ಮೇಷ್ಟರ ಗಾಡಿಯ ಸ್ಥಿತಿ ಇನ್ನೂ ಅಷ್ಟು ಕೆಟ್ಟಿಲ್ಲ. ಗಾಡಿ ಕೈಬದಲಾದಾಗ ಮೂರನೆಯವನ ರಕ್ಷಣೆ ಅದರ ಜೊತೆಯಲ್ಲೇ ಹೊಸ ಒಡೆಯನಿಗೆ ಬರುತ್ತದೆ. ಆದರೆ ಗಾಡಿಗೇ ಆಗುವ ನಷ್ಟದ ಭಾಗ ಹಾಗೆ ತಾನಾಗಿ ಬಾರದೆಂದು 1995ರಲ್ಲೇ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ. ಕೊಂಡ 14 ದಿನಗಳೊಳಗೆ ಕಂಪನಿಗೆ ಬರೆದು ಪಾಲಿಸಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಮೇಷ್ಟರು ಕೊಂಡು ಎರಡು ತಿಂಗಳಾಗಿದೆ. ಹಳೆಯ ಮಾಲಕ ತುಂಬಿದ ಹಣ ಅವರ ಮಂಚವನ್ನಾಗಲಿ ಗಾಜನ್ನಾಗಲಿ ಕಾಯದು.

“ಹಂಗಾರ ನಾಳೆನ ಹೆಸರು ಬದಲಿ ಮಾಡಸ್ತೀನಿ ತಗೊ,” ಎನ್ನುತ್ತಾರೆ ಮೇಷ್ಟರು.

“ಬರೇ ಹೆಸರಲ್ಲ ಕಾಕಾ, ಗಾಡಿ ಜಾತೀನ ಬದಲಿ ಆಗಬೇಕು.”

ಗಾಡಿಗಳಿಗೂ ಜಾತಿಯುಂಟು. 2004ರ ನವೆಂಬರಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ವರ್ಗೀಕರಣದಲ್ಲಿ ಸ್ವಂತ ಬಳಕೆಯ ಕ್ಯಾಂಪರ್ ವ್ಯಾನು ಬಾಡಿಗೆಯ ವಾಹನಗಳ ಸಾಲಿನಿಂದ ಹೊರಗೆ, ಖಾಸಗಿ ವಾಹನಗಳ ಪಂಕ್ತಿಯಲ್ಲಿ ಕುಳಿತಿದೆ. ಆದರೆ ಆ ಪಂಕ್ತಿಗೆ ಸೇರಲು ಬಡಿಗನ ಉಳಿ ಸಾಲದು. ಕಾರ್ಖಾನೆ ಕಟ್ಟಿಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು 1988ರ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಬಿಗಿಯಾಗಿಯೇ ಓದಿತು. ಕ್ಯಾರವಾನ್ ಹೇಗಿರಬೇಕೆಂಬುದಕ್ಕೆ ಎಐಎಸ್ 124 ಎಂಬ ಮಾನದಂಡವೇ ಇದೆ. ಆದುದರಿಂದ ಮೊದಲು ಹಾವೇರಿಯ ಸಾರಿಗೆ ಕಚೇರಿಯ ಒಪ್ಪಿಗೆ, ಬಳಿಕ ಮಾನ್ಯತೆಯುಳ್ಳ ಕಡೆ ಕೆಲಸ, ಬಳಿಕ ನೋಂದಣಿ ಪುಸ್ತಕದಲ್ಲಿ ಹೊಸ ವಿವರ, ಕಡೆಗೆ ವಿಮೆ. ಇದನ್ನು ತಲೆಕೆಳಗು ಮಾಡಿದವರೇ ಹೆಚ್ಚು. ಮೇಷ್ಟರು ಸಹ ಮಂಚದಿಂದ ಆರಂಭಿಸಿದ್ದರು.

ಚಾಲಕನ ಪರವಾನಗಿಯ ಬಗ್ಗೆ ಮಾತ್ರ ಒಂದು ಸಮಾಧಾನವಿದೆ. ಕಾರಿನ ಪರವಾನಗಿ ಇರುವವರು ಬಾಡಿಗೆಯ ಜಾತಿಯ ಹಗುರ ವಾಹನ ನಡೆಸಿದ್ದರೆಂಬ ಕಾರಣಕ್ಕೆ ಕಂಪನಿಗಳು ಬಹುಕಾಲ ತಕರಾರು ತೆಗೆಯುತ್ತಿದ್ದವು. ಒಟ್ಟು ತೂಕ 7,500 ಕಿಲೋ ಮೀರದ ವಾಹನಕ್ಕೆ ಬೇರೆ ಅನುಮತಿ ಬೇಡವೆಂದು 2024ರ ನವೆಂಬರಿನಲ್ಲಿ ಸಂವಿಧಾನ ಪೀಠವೇ ಹೇಳಿದ ಮೇಲೆ ಆ ವಾದ ಮುಗಿದಿದೆ.

ಆಡೂರಿನವರಿಗೆ ಕರಾರು ಪತ್ರದ ಪರಿಚಯ ಇಂದಿನದಲ್ಲ. ಜಿನಾಲಯಕ್ಕೆ ಭೂಮಿ ಬಿಟ್ಟುದನ್ನು ಹೇಳುವ ಬಾದಾಮಿ ಚಾಲುಕ್ಯರ ಕಾಲದ ಶಾಸನ ಅದೇ ಊರಿನದು. ಹಳೆಯ ದಾನಶಾಸನಗಳಲ್ಲಿ ಸಾಮಾನ್ಯವಾಗಿ ಕೊಟ್ಟವರಾರು, ಕೊಟ್ಟದ್ದೇನು, ಎಲ್ಲೆ ಯಾವುದು ಎಂಬುದೆಲ್ಲ ಮೊದಲು ಬರುತ್ತದೆ. ತಪ್ಪಿದವರಿಗೆ ಏನಾಗುವುದೆಂಬ ಶಾಪಾಶಯ ಕೊನೆಯಲ್ಲಿ. ವಿಮಾ ಪತ್ರದ ಕ್ರಮವೂ ಹೆಚ್ಚುಕಡಿಮೆ ಅದೇ. ಶಾಸನದ ಶಾಪವನ್ನು ಊರೆಲ್ಲ ಕಾಣುವಂತೆ ಕಲ್ಲಿನಲ್ಲಿ ಕೊರೆಯುತ್ತಿದ್ದರು. ಪಾಲಿಸಿಯದನ್ನು ಭೂತಗನ್ನಡಿ ಬೇಡುವ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ವ್ಯತ್ಯಾಸವಿರುವುದು ಇಷ್ಟರಲ್ಲೇ ಎನ್ನಬೇಕು.

ಆ ಸಣ್ಣ ಅಕ್ಷರದಲ್ಲಿ ಮೇಷ್ಟರ ಮನೆಯವರು ಓದಬೇಕಾದದ್ದು ಮುಖ್ಯವಾಗಿ ಹಿಂದಿನ ಮಂಚದ ಮೇಲೆ ಮಲಗಿರುವ ಮುದುಕಿಯ ವಿಚಾರ. ಅಗ್ಗವಾಗಿ ದೊರೆಯುವ, ಕಾಯಿದೆಯ ಮಟ್ಟಿಗಷ್ಟೇ ಇರುವ ಪಾಲಿಸಿ ಖಾಸಗಿ ವಾಹನದೊಳಗೆ ಬಾಡಿಗೆ ಕೊಡದೆ ಕುಳಿತವರನ್ನು ಮೂರನೆಯವರೆಂದು ಎಣಿಸದೆಂದು 2006ರಲ್ಲಿ ತೀರ್ಪಾಗಿದೆ. ಸಮಗ್ರ ಪಾಲಿಸಿಯಿದ್ದರೆ ಅಂಥವರಿಗೂ ರಕ್ಷಣೆಯುಂಟೆಂಬುದು 2012ರ ತೀರ್ಪು. ಬೀದಿಯ ಅಪರಿಚಿತನಿಗೆ ದೊರೆಯುವ ರಕ್ಷಣೆ ಹೆತ್ತ ತಾಯಿಗೆ ದೊರೆಯದು ಎಂದರೆ ಯಾರೂ ನಂಬಲಾರರು. ಆದರೆ ಕೆಲವು ಸಾವಿರ ರೂಪಾಯಿ ಉಳಿಸಲು ಹೋದ ಅನೇಕರ ಮನೆಯಲ್ಲಿ ಇದೇ ಆಗಿದೆ. ಗಾಡಿಯನ್ನು ತಾನೇ ನಡೆಸುವ ಒಡೆಯನಿಗೆ 15 ಲಕ್ಷ ರೂಪಾಯಿಯ ಸ್ವಂತ ಅಪಘಾತ ವಿಮೆ ಬೇರೆಯದು. ಅದು ಅವನೊಬ್ಬನಿಗೆ ಮಾತ್ರ.

ಇನ್ನು ಮಂಚ, ಮೇಜು, ಫ್ರಿಜ್ಜುಗಳ ಬೆಲೆ. ಗಾಡಿಯ ವಿಮಾಮೌಲ್ಯವನ್ನು ಕಾರ್ಖಾನೆಯ ಬೆಲೆಯಿಂದ ವರ್ಷಕ್ಕಿಷ್ಟೆಂದು ಸವಕಳಿ ಕಳೆದು ಕಟ್ಟುವುದು ಪದ್ಧತಿ. ನಾಲ್ಕು ತುಂಬಿ ಐದಕ್ಕೆ ಬರುವ ವೇಳೆಗೆ ಅದು ಅರ್ಧಕ್ಕಿಳಿದಿರುತ್ತದೆ. ಐದು ದಾಟಿದ ಗಾಡಿಗೆ ಕಂಪನಿ ಮತ್ತು ಒಡೆಯ ಒಪ್ಪಿ ನಿಶ್ಚಯಿಸಿದ್ದೇ ಮೌಲ್ಯ. ಮೇಷ್ಟರಿಗೆ ಇದು ಅನುಕೂಲವೇ ಸರಿ. ಮಾರ್ಪಾಡಿನ ರಸೀದಿಗಳನ್ನಿಟ್ಟು, ಕಂಪನಿಯ ಪರಿಶೀಲಕರಿಗೆ ಗಾಡಿಯನ್ನು ತೋರಿಸಿ, ಒಳಗಿನ ಜೋಡಣೆಯನ್ನೂ ವಿದ್ಯುತ್ ಉಪಕರಣಗಳನ್ನೂ ಬೇರೆಬೇರೆಯಾಗಿ ಪಾಲಿಸಿಯಲ್ಲಿ ಬರೆಸಬಹುದು. ಬರೆಸದೆ ಬಿಟ್ಟದ್ದು ಲೆಕ್ಕಕ್ಕಿಲ್ಲ. ಬರೆಸಿದರೂ ಪೂರ್ತಿ ಹಣ ಬಾರದು. ರಬ್ಬರು, ಪ್ಲಾಸ್ಟಿಕ್ಕು, ಬ್ಯಾಟರಿಗಳಿಗೆ ನೂರಕ್ಕೆ 50, ಫೈಬರಿಗೆ 30 ಕಳೆಯುವುದು ರೂಢಿ. ಮರದ ಭಾಗಗಳಿಗೆ ಗಾಡಿಯ ವಯಸ್ಸನ್ನು ನೋಡಿ ಕಳೆಯುತ್ತಾರೆ. ಐದರಿಂದ ಹತ್ತು ವರ್ಷದ ಗಾಡಿಗೆ ನೂರಕ್ಕೆ 40. ನಿನ್ನೆ ಮಾಡಿದ ಮಂಚವೂ ಕಂಪನಿಯ ಲೆಕ್ಕದಲ್ಲಿ ಎಂಟು ವರ್ಷದ ಮುದಿ ಮಂಚ! ಹಾಸಿಗೆ, ಬಟ್ಟೆ, ಪಾತ್ರೆ, ಕೈಯ ಬಳೆಗಳಂತೂ ಮೋಟಾರು ವಿಮೆಯ ಹೊರಗೇ ಉಳಿದವು. ಮನೆಯ ವಸ್ತುಗಳಿಗೆ ವಿಮೆ ಮಾಡಿಸಿದ್ದರೂ ಅದು ಆಡೂರಿನ ಮನೆಯ ವಿಳಾಸವನ್ನು ನಂಬಿದ್ದು. ಪಂಢರಪುರದ ಬಯಲಿನಲ್ಲಿ ನಿಂತ ಗಾಡಿಯನ್ನು ಅದು ಗುರುತಿಸದು. ಬ್ರಿಟನ್ ಮುಂತಾದ ಕಡೆ ಇಂಥ ವಾಹನಗಳಿಗೆಂದೇ, ಒಳಗಿನ ಸಾಮಾನನ್ನೂ ಸೇರಿಸಿದ ಪಾಲಿಸಿಗಳು ಮಾರಾಟವಾಗುತ್ತವೆ. ಇಲ್ಲಿ ಮೋಟಾರು ಪಾಲಿಸಿಯ ಜೊತೆಗೆ ಪ್ರಯಾಣದ ಸಾಮಾನಿನ ವಿಮೆಯೊಂದನ್ನು ಹೊಂದಿಸಿಕೊಳ್ಳುವುದು ಸದ್ಯದ ಉಪಾಯ.

ಕಾಕು ಇಷ್ಟು ಹೊತ್ತು ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೆ. ಅವರ ಪ್ರಶ್ನೆ ಒಲೆಯದು. ಗಾಡಿಯೊಳಗೆ ಗ್ಯಾಸಿನ ಸಿಲಿಂಡರು ಇಡುವುದನ್ನು ಕಂಪನಿಗೆ ಮುಚ್ಚಿಟ್ಟು, ಬೆಂಕಿಯಾದ ಮೇಲೆ ಹಣ ಕೇಳಲು ಹೋದರೆ ಜಗಳ ತಪ್ಪದೆಂದು ಹುಡುಗ ಹೇಳುತ್ತಾನೆ. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ಮಂಚದ ಕೆಳಗೆ ತಳ್ಳಿ ಸಾವಿರಾರು ಗುಂಡಿಗಳ ಮೇಲೆ ಕುಣಿಸಿಕೊಂಡು ಹೋಗುವುದು ವಿಮೆಯ ಮಾತಿಗಿಂತ ಮೊದಲು ಪ್ರಾಣದ ಮಾತು. ಒಲೆಯನ್ನು ನಕ್ಷೆಯಲ್ಲೇ ತೋರಿಸಿ ಒಪ್ಪಿಗೆ ಪಡೆಯಬೇಕು, ಇಲ್ಲವೇ ಬಿಡಬೇಕು.

ಉಳಿದದ್ದು ಬಂಧುಬಳಗದ ಕಾಟ. ಗಾಡಿಯೊಂದು ಅಂಗಳದಲ್ಲಿ ನಿಂತಿತೆಂದರೆ ಸವದತ್ತಿ ಯಲ್ಲಮ್ಮನ ಜಾತ್ರೆಗೆ, ಧರ್ಮಸ್ಥಳದ ಮದುವೆಗೆ ಕೇಳುವವರು ಬಂದೇ ಬರುತ್ತಾರೆ. ಪ್ರೀತಿಗೆ ಕೊಟ್ಟರೆ ತಪ್ಪಿಲ್ಲ. “ಡೀಸಲ್ಲಿಗೆ ಅಂತ ಇಟ್ಟಕೋರಿ” ಎಂದು ಒಂದಿಷ್ಟು ಹೆಚ್ಚಿಗೆ ಕೈಯಲ್ಲಿಟ್ಟರೆ, ಖಾಸಗಿ ಗಾಡಿ ಬಾಡಿಗೆಗೆ ಹೋಯಿತೆಂಬ ವಾದಕ್ಕೆ ಎಡೆಯಾಯಿತು. ಬಾಡಿಗೆಯ ಉಪಯೋಗ ಖಾಸಗಿ ಪಾಲಿಸಿಯ ಎಲ್ಲೆಯ ಹೊರಗಿನದು. ಮೇಷ್ಟರು ಊರವರಿಗೆ ಇಲ್ಲವೆನ್ನಲಾರದ ಸ್ವಭಾವದವರು; ಕಂಪನಿಯ ಕಟ್ಟಳೆ ಅವರಿಗೊಂದು ಒಳ್ಳೆಯ ನೆಪವಾದರೂ ಆದೀತು.

ಕಂಪನಿ ಅನ್ಯಾಯವಾಗಿ ಹಣ ನಿರಾಕರಿಸಿದರೆ ಮಾಡುವುದೇನು? ಮೊದಲು ಕಂಪನಿಗೇ ಬರೆದು ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಮೊರೆ. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಆದರೆ ಅಲ್ಲಿಯೂ ಮೊದಲು ಕೇಳುವುದು ಕಾಗದವನ್ನೇ.

ಹೊತ್ತು ಇಳಿಯುತ್ತದೆ. ಮೇಷ್ಟರು ಬಡಿಗನನ್ನು ಕರೆದು, ಮಂಚಗಳನ್ನು ಗಾಡಿಗೆ ಬಿಗಿಯುವುದು ಸದ್ಯಕ್ಕೆ ಬೇಡವೆಂದು ಹೇಳಿ, ಮಳೆಯಲ್ಲಿ ನೆನೆಯದಂತೆ ಪಡಸಾಲೆಗೆ ಸಾಗಿಸುತ್ತಾರೆ. ನೋಂದಣಿಯ ಪುಸ್ತಕ, ಮಾರಾಟದ ಕಾಗದ, ಹಳೆಯ ಪಾಲಿಸಿ ಮೂರೂ ಒಂದು ಚೀಲಕ್ಕೆ ಸೇರುತ್ತವೆ. ಸೋಮವಾರ ಬೆಳಿಗ್ಗೆಯೇ ಹಾವೇರಿಗೆ ಹೋಗುವುದೆಂದು ತೀರ್ಮಾನವಾಗುತ್ತದೆ. ಪಡಸಾಲೆಗೆ ಬಂದ ಹೊಸ ಮಂಚದ ಮೇಲೆ ಮುದುಕಿ ಆಗಲೇ ಕುಳಿತು, ಹಲಗೆಯನ್ನು ಅಂಗೈಯಿಂದ ಸವರಿ ನೋಡುತ್ತಾಳೆ.

“ಪಂಢರಪುರಕ್ಕ ಯಾವಾಗೋ?”

“ಕಾಗದ ಬರಲಿ, ಆಯಿ,” ಎನ್ನುತ್ತಾನೆ ಮೊಮ್ಮಗ.

“ಕಾಗದಕ್ಕೇನು, ನಿಧಾನಕ ಬರ್ತಾವ. ನನಗ ಎಂಬತ್ತೆರಡಪಾ.”

ಮೇಷ್ಟರು ಸೋಮವಾರದ ತನಕ ಕಾಯದೆ, ಅರ್ಜಿಯನ್ನು ಅಂದೇ ರಾತ್ರಿ ಬರೆಯಲು ಕುಳಿತರು.