ಒಂದು ಹಾಳೆಯ ಗುರು

ಮಡಿಕೇರಿಯ ಮಳೆಗಾಲ. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗ ಮನೆಯ ಗಣಕಯಂತ್ರಕ್ಕೆ ‘ನುಡಿ’ ತಂತ್ರಾಂಶವನ್ನು ಅಳವಡಿಸಿ, ದಪ್ಪನೆಯ ಕೈಪಿಡಿಯೊಂದನ್ನು ಅಜ್ಜನ ಮುಂದಿಟ್ಟು ಹೊರಟುಹೋಗುತ್ತಾನೆ. ಅಜ್ಜನಿಗೆ ಬೇಕಾದುದು ಒಂದೇ: ತೋಟದ ವಿಷಯವಾಗಿ ತಾಲ್ಲೂಕು ಕಚೇರಿಗೆ ಕೊಡಬೇಕಾದ ಅರ್ಜಿಯನ್ನು, ಯಾರ ಹಂಗೂ ಇಲ್ಲದೆ, ತನ್ನ ಕೈಯಾರೆ ಬರೆಯುವುದು. ಕೈಪಿಡಿಯಾದರೋ ಯಂತ್ರದ ಅಂಗಾಂಗಗಳ ವರ್ಣನೆಯಿಂದ ಆರಂಭವಾಗುತ್ತದೆ. ಹತ್ತನೆಯ ಪುಟದಲ್ಲಿ ಕನ್ನಡಕ ಮೇಜಿಗಿಳಿಯುತ್ತದೆ; ಅರ್ಜಿ ಮುಂದಿನ ರಜೆಗಾಗಿ ಕಾಯುತ್ತದೆ. ಇಂತಹ ದೃಶ್ಯ ಹಲವು ಮನೆಗಳಿಗೆ ಹೊಸದಲ್ಲ.

ತಪ್ಪು ಅಜ್ಜನದೇ? ಅಮೆರಿಕದ ಐಬಿಎಂ ಸಂಸ್ಥೆಯ ಸಂಶೋಧನಾಲಯದಲ್ಲಿ ಜಾನ್ ಕ್ಯಾರಲ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ಇದನ್ನೇ ಪರಿಶೀಲಿಸಿದರು. ಕಲಿಯುವವರು ಪುಟಗಳನ್ನು ಕ್ರಮವಾಗಿ ಓದುವುದಿಲ್ಲ. ಕೆಲಸಕ್ಕೆ ಕೈಹಾಕಿ, ಎಡವಿದ ಮೇಲೆ ಪುಸ್ತಕವನ್ನು ಹುಡುಕುತ್ತಾರೆ. ಆದುದರಿಂದ ಕ್ಯಾರಲ್ ಮತ್ತು ಸಂಗಡಿಗರು ಪೀಠಿಕೆ, ಪುನರುಕ್ತಿಗಳನ್ನು ತೆಗೆದುಹಾಕಿ, ನಿಜವಾದ ಕೆಲಸದಿಂದಲೇ ಮೊದಲಾಗುವ ಕಿರು ಕೈಪಿಡಿಯನ್ನು ರಚಿಸಿದರು. ಅದನ್ನು ಹಿಡಿದವರು ದೊಡ್ಡ ಪುಸ್ತಕ ಹಿಡಿದವರಿಗಿಂತ ಬೇಗ ಕಲಿತರು. 1990ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರು ‘ದಿ ನ್ಯೂರೆಂಬರ್ಗ್ ಫನಲ್’. ತಲೆಗೆ ಆಲಿಕೆಯಿಟ್ಟು ವಿದ್ಯೆಯನ್ನು ಸುರಿಯಬಹುದೆಂಬ ಹಳೆಯ ಜರ್ಮನ್ ಕಥೆಯ ನೆನಪು ಅದರಲ್ಲಿದೆ. ಅಂತಹ ಆಲಿಕೆ ಇಲ್ಲವೆಂಬುದೇ ಗ್ರಂಥದ ಸಾರ.

ಕನ್ನಡ ಬರೆಯಲು ಆರಂಭಿಸುವವರಿಗೆ ಅಂತಹ ಕೈಪಿಡಿ ಒಂದು ಹಾಳೆಯನ್ನು ಮೀರಬೇಕಾಗಿಲ್ಲ. ‘ನುಡಿ’ಯ ಕೀಲಿಮಣೆಗೆ ಆಧಾರವಾದುದು ಕೆ. ಪಿ. ರಾವ್ ಅವರ ವಿನ್ಯಾಸ. ಅದರ ಗುಟ್ಟು ಎರಡೇ ಮಾತಿನದು: ವ್ಯಂಜನದ ಬೆನ್ನಿಗೆ ಸ್ವರವನ್ನೊತ್ತಿದರೆ ಗುಣಿತಾಕ್ಷರ, ಎರಡು ವ್ಯಂಜನಗಳ ನಡುವೆ ‘ಎಫ್’ ಒತ್ತಿದರೆ ಒತ್ತಕ್ಷರ. ಕೆ, ಓ, ಡಬ್ಲ್ಯು, ಜಿ, ಯು — ಐದು ಕೀಲಿಗಳಿಗೆ ತೆರೆಯ ಮೇಲೆ ‘ಕೊಡಗು’ ಮೂಡುತ್ತದೆ. ತನ್ನ ನಾಡಿನ ಹೆಸರು ತನ್ನ ಬೆರಳಿನಿಂದಲೇ ಮೂಡಿದುದನ್ನು ಕಂಡ ಅಜ್ಜ ಮತ್ತೆ ಕನ್ನಡಕವನ್ನು ಕೆಳಗಿಡಲಾರ.

ಹಾಳೆಯ ಕೆಳಭಾಗ ತಪ್ಪುಗಳಿಗೆ ಮೀಸಲಾಗಿರಬೇಕು. ‘ಅಮ್ಮತ್ತಿ’ ಎಂದು ಬರೆಯಹೋದಾಗ ‘ಅಮಮತತಿ’ ಎಂದಾಯಿತೇ? ‘ಎಫ್’ ಮರೆತುಹೋಗಿದೆ, ಅಳಿಸಿ, ಎರಡು ‘ಎಂ’ಗಳ ನಡುವೆ ಒಮ್ಮೆ, ಎರಡು ‘ಟಿ’ಗಳ ನಡುವೆ ಒಮ್ಮೆ ಅದನ್ನೊತ್ತಿ ಮತ್ತೆ ಬರೆಯಿರಿ. ಇಷ್ಟು ಹೇಳಿದರೆ ಭಯ ಹೋಗುತ್ತದೆ. ಕಲಿಕೆಗೆ ಅಡ್ಡ ಬರುವುದು ಹೆಚ್ಚಾಗಿ ಅಜ್ಞಾನವಲ್ಲ, ಕೆಡಿಸಿಬಿಟ್ಟೇನೆಂಬ ಅಂಜಿಕೆ.

ಮುಂದಿನ ರಜೆಯಲ್ಲಿ ಮೊಮ್ಮಗನು ಮಾಡಬೇಕಾದುದು ಇಷ್ಟೆ: ಅಂತಹ ಹಾಳೆಯೊಂದನ್ನು ಬರೆದು ಅಜ್ಜನ ಕೈಗಿತ್ತು, ಪಕ್ಕದಲ್ಲಿ ಬಾಯಿಬಿಡದೆ ಕುಳಿತು ನೋಡುವುದು. ಅಜ್ಜನ ಬೆರಳು ಎಲ್ಲಿ ನಿಂತಿತೋ ಅಲ್ಲಿ ತಿದ್ದಬೇಕಾದುದು ಹಾಳೆಯನ್ನು, ಅಜ್ಜನನ್ನಲ್ಲ.