ಸಿರಿಯನ್ನು ಅಳೆಯುವ ಕೊಳಗ

ಜಗತ್ತಿನ ಅರ್ಥವ್ಯವಸ್ಥೆಯಲ್ಲಿ ಅಗ್ರಸ್ಥಾನ ಯಾರದು? ಉತ್ತರವು ಅಳೆಯುವ ಕೊಳಗವನ್ನು ಅವಲಂಬಿಸಿದೆ. 2023ರ ಒಟ್ಟು ಉತ್ಪನ್ನವನ್ನು ಡಾಲರಿನ ವಿನಿಮಯ ದರದಲ್ಲಿ ಎಣಿಸಿದರೆ ಅಮೆರಿಕವು ಮೊದಲನೆಯದು, ಚೀನವು ಎರಡನೆಯದು, ಭಾರತವು ಐದನೆಯದು. ಆದರೆ ನ್ಯೂಯಾರ್ಕಿನಲ್ಲಿ ಒಂದು ಡಾಲರಿಗೆ ದೊರೆಯದ ಊಟವು ಅಷ್ಟೇ ಬೆಲೆಯ ರೂಪಾಯಿಗಳಿಗೆ ಮುಂಬಯಿಯಲ್ಲಿ ದೊರೆಯುತ್ತದೆ. ಈ ಕೊಳ್ಳುವ ಶಕ್ತಿಯನ್ನು ಲೆಕ್ಕಕ್ಕೆ ಹಿಡಿದರೆ ಚೀನವು ಮೊದಲನೆಯದು, ನಾವು ಮೂರನೆಯವರು. ವಿನಿಮಯ ದರದಲ್ಲಿಯೇ ತಲೆಗೆ ಹಂಚಿದರೋ, ಅಮೆರಿಕದ ಪ್ರಜೆಯ ಪಾಲು 80,000 ಡಾಲರಿಗೂ ಮಿಗಿಲು. ನಮ್ಮದು ಸುಮಾರು 2,500.

ಅಮೆರಿಕದ ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕಿದ ಸೈಮನ್ ಕುಜ್ನೆಟ್ಸ್ ಅವರೇ, ಆ ಅಂಕಿಯಿಂದ ಜನರ ಕ್ಷೇಮವನ್ನು ಅರಿಯಲಾಗದೆಂದು 1934ರಲ್ಲಿ ಎಚ್ಚರಿಸಿದ್ದರು. ಗಲ್ಲಾಪೆಟ್ಟಿಗೆ ತುಂಬಿದ ಮಾತ್ರಕ್ಕೆ ಮಾಣಿಯ ಸಂಬಳ ಏರದೆಂಬುದನ್ನು ಹೋಟೆಲು ಬಂಧುಗಳಿಗೆ ಹೇಳಬೇಕೆ? ಸ್ಥಾನದ ಹೆಮ್ಮೆಯಿರಲಿ, ಪಾಲಿನ ಪ್ರಶ್ನೆಯನ್ನೂ ಕೇಳೋಣ.