ಹಳೆಯ ಮಸೂರಕ್ಕೆ ಹೊಸ ಮನೆ

ದಸರೆ ಹತ್ತಿರ ಬಂತೆಂದರೆ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುವುದು ಅನೇಕ ಮನೆಗಳ ವಾಡಿಕೆ. ಬೊಂಬೆಗಳನ್ನು ತೆಗೆಯಲೆಂದು ಮುಚ್ಚಳ ತೆರೆದಾಗ ಅವುಗಳ ಅಡಿಯಲ್ಲಿ ಚರ್ಮದ ಚೀಲವೊಂದು ಕೈಗೆ ತಗಲುತ್ತದೆ. ಒಳಗಿರುವುದು ತಾತನ ಪೆಂಟಾಕ್ಸ್ ಕ್ಯಾಮೆರಾ. ಮನೆಯ ಎರಡು ಮದುವೆ, ನಾಲ್ಕು ನಾಮಕರಣ, ಒಂದು ಗೃಹಪ್ರವೇಶ ಇವೆಲ್ಲವನ್ನೂ ಕಂಡ ಕಣ್ಣು ಅದು. ಈಗ ಅದಕ್ಕೆ ಹಾಕುವ ಫಿಲ್ಮಿನ ಬೆಲೆ ಏರಿದೆ. ಫಿಲ್ಮು ತೊಳೆದುಕೊಡುವ ಅಂಗಡಿಗಳು ವಿರಳವಾಗಿವೆ. “ಇನ್ನು ಇದನ್ನಿಟ್ಟುಕೊಂಡು ಮಾಡುವುದೇನು? ಹಳೇ ಸಾಮಾನಿನವನು ಬಂದರೆ ಕೊಟ್ಟುಬಿಡಿ” ಎಂದು ತಾತನೇ ಅಪ್ಪಣೆ ಕೊಡುತ್ತಾರೆ. ಮಾತು ಹಾಗಿದ್ದರೂ ಅವರ ಬೆರಳು ಚೀಲದ ಗುಂಡಿಯನ್ನು ಬಿಡುವುದಿಲ್ಲ.

ಈ ಅಪ್ಪಣೆಯನ್ನು ಪಾಲಿಸುವ ಮುನ್ನ ಮನೆಯವರು ಒಂದು ಗಳಿಗೆ ತಾಳುವುದು ಲೇಸು. ಮುಪ್ಪು ಬಂದಿರುವುದು ಕ್ಯಾಮೆರಾದ ಒಡಲಿಗೆ. ಅದರ ಮುಂದಿರುವ ಮಸೂರಕ್ಕಲ್ಲ. ಬೆಳಕನ್ನು ಬಾಗಿಸಿ ಬಿಂಬವನ್ನು ಮೂಡಿಸುವುದಷ್ಟೇ ಮಸೂರದ ಕೆಲಸ. ಆ ಬಿಂಬ ಬೀಳುವುದು ಫಿಲ್ಮಿನ ಮೇಲೋ ವಿದ್ಯುತ್ ಫಲಕದ ಮೇಲೋ ಎಂಬುದು ಗಾಜಿಗೆ ತಿಳಿಯದು. ನಲವತ್ತು ವರ್ಷಗಳ ಹಿಂದೆ ಬೆಳಕು ಯಾವ ನಿಯಮದಂತೆ ಬಾಗುತ್ತಿತ್ತೋ ಇಂದಿಗೂ ಅದೇ ನಿಯಮದಂತೆ ಬಾಗುತ್ತದೆ.

ಹಾಗಾದರೆ ಡಿಜಿಟಲ್ ಕ್ಯಾಮೆರಾಗಳು ಬಂದಾಗ ಇಂಥ ಮಸೂರಗಳಲ್ಲಿ ಬಹುಪಾಲು ಮೂಲೆಗುಂಪಾದುದೇಕೆ? ಕಾರಣ ಬಹಳ ಸರಳವಾದುದು: ಅಂತರ. ಪ್ರತಿಯೊಂದು ಮಸೂರವೂ ತನ್ನ ಹಿಂಬದಿಯ ಲೋಹದ ಅಂಚಿನಿಂದ ಬಿಂಬ ಬೀಳುವ ತಲದವರೆಗೆ ಇಂತಿಷ್ಟೇ ದೂರವಿರಬೇಕೆಂದು ಲೆಕ್ಕಹಾಕಿ ರಚಿತವಾದುದು. ಮಸೂರ ಅದಕ್ಕಿಂತ ಮುಂದೆ ಸರಿದು ಕುಳಿತರೆ ಕೈಯಳತೆಯ ಹೂವು ಸ್ಪಷ್ಟವಾಗಿ ಕಂಡೀತು. ಎದುರಿನ ಬೆಟ್ಟ ಮಬ್ಬಾಗಿಯೇ ಉಳಿದೀತು. 1959ರಲ್ಲಿ ಬಂದ ನಿಕಾನ್ ಎಫ್ ಮೌಂಟಿಗೆ ಈ ಅಂತರ 46.5 ಮಿಲಿಮೀಟರು, ತಾತನ ಪೆಂಟಾಕ್ಸಿಗೆ ಸುಮಾರು 45.5, 1971ರ ಕ್ಯಾನನ್ ಎಫ್‌ಡಿ ಮಸೂರಗಳಿಗೆ 42. ಇಷ್ಟೊಂದು ಜಾಗ ಬೇಕಾಗಿದ್ದುದು ಒಳಗಿನ ಕನ್ನಡಿಗಾಗಿ. ಮಸೂರದ ಬೆಳಕನ್ನು ಮೇಲಕ್ಕೆ ಹೊರಳಿಸಿ ಛಾಯಾಗ್ರಾಹಕನ ಕಣ್ಣಿಗೆ ಮುಟ್ಟಿಸುತ್ತಿದ್ದ ಆ ಕನ್ನಡಿ, ಗುಂಡಿ ಒತ್ತಿದೊಡನೆ ಮೇಲೇಳಬೇಕು. ಮೇಲೇಳಲು ಅದಕ್ಕೆ ಎಡೆ ಬೇಕು.

ಹೀಗಿರುವಲ್ಲಿ 1987ರಲ್ಲಿ ಕ್ಯಾನನ್ ಕಂಪೆನಿ ಸ್ವಯಂಚಾಲಿತ ಫೋಕಸಿನ ಹೊಸ ಕ್ಯಾಮೆರಾಗಳನ್ನು ತಂದು ಅಂತರವನ್ನು 44 ಮಿಲಿಮೀಟರಿಗೆ ಏರಿಸಿತು. ವ್ಯತ್ಯಾಸ ಎರಡೇ ಮಿಲಿಮೀಟರು. ಅಷ್ಟರಿಂದಲೇ ಹಳೆಯ ಎಫ್‌ಡಿ ಮಸೂರಗಳು, ನಡುವೆ ಇನ್ನೊಂದು ಗಾಜಿನ ನೆರವಿಲ್ಲದೆ ಹೊಸ ಕ್ಯಾಮೆರಾಗಳಲ್ಲಿ ದೂರದ ನೋಟವನ್ನು ಕಾಣಲಾರದೆ ಹೋದುವು. ಕಣ್ಣಿನಲ್ಲಿ ದೋಷವಿಲ್ಲದಿದ್ದರೂ ಕುರುಡರ ಸಾಲಿಗೆ ಸೇರಿದಂತಾಯಿತು ಅವುಗಳ ಪಾಡು.

ಬಿಡುಗಡೆ ಬಂದದ್ದು 2008ರಲ್ಲಿ. ಆ ವರ್ಷ ಪ್ಯಾನಸಾನಿಕ್ ಕಂಪೆನಿಯ ಜಿ-1 ಎಂಬ ಪುಟ್ಟ ಕ್ಯಾಮೆರಾ ಕನ್ನಡಿಯನ್ನೇ ಕಿತ್ತೊಗೆದು, ಫಲಕದ ಮೇಲಿನ ಬಿಂಬವನ್ನು ಚಿಕ್ಕ ಪರದೆಯೊಂದರಲ್ಲಿ ನೇರವಾಗಿ ತೋರಿಸಿತು. ಕನ್ನಡಿ ಹೋದ ಮೇಲೆ ಎಡೆಯೇಕೆ? 2010ರಲ್ಲಿ ಸೋನಿ ಈ ಅಂತರವನ್ನು 18 ಮಿಲಿಮೀಟರಿಗೂ, 2012ರಲ್ಲಿ ಫ್ಯೂಜಿ 17.7 ಮಿಲಿಮೀಟರಿಗೂ ಇಳಿಸಿದುವು. ಮಸೂರಕ್ಕೆ 45.5 ಬೇಕು, ಕ್ಯಾಮೆರಾದಲ್ಲಿರುವುದು 18, ಉಳಿದ 27.5 ಮಿಲಿಮೀಟರನ್ನು ತುಂಬಲು ಲೋಹದ ಕೊಳವೆಯೊಂದಿದ್ದರೆ ಸಾಕು. ಅಡಾಪ್ಟರ್ ಎಂದು ಹೆಸರಾದ ಈ ಕೊಳವೆಯಲ್ಲಿ ಸಾಮಾನ್ಯವಾಗಿ ಗಾಜಿಲ್ಲ, ತಂತಿಯಿಲ್ಲ. ಬರಿಯ ಅಂತರವೇ ಅದರೊಳಗಿನ ಸರಕು.

ಒಬ್ಬರ ಮಸೂರವನ್ನು ಇನ್ನೊಬ್ಬರ ಕ್ಯಾಮೆರಾಕ್ಕೆ ಕೂಡಿಸುವುದು ಹೊಸ ಆಟವೇನಲ್ಲ. 1950ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೋದಲ್ಲಿದ್ದಾಗ, ಜಪಾನಿನ ಛಾಯಾಗ್ರಾಹಕ ಜುನ್ ಮಿಕಿ ನಿಕ್ಕೋರ್ ಮಸೂರದಿಂದ ಅವನ ಚಿತ್ರವೊಂದನ್ನು ತೆಗೆದ. ಅದರ ಸ್ಪಷ್ಟತೆಗೆ ಬೆರಗಾದ ಡಂಕನ್, ಕೊರಿಯಾದ ಯುದ್ಧಭೂಮಿಗೆ ಹೊರಟಾಗ ತನ್ನ ಜರ್ಮನ್ ಲೈಕಾ ಕ್ಯಾಮೆರಾಗಳಿಗೆ ಜಪಾನಿನ ಆ ಮಸೂರಗಳನ್ನು ತೊಡಿಸಿಕೊಂಡ. ಅದೇ ಡಿಸೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಈ ಸಂಗತಿಯನ್ನು ಬರೆದ ಮೇಲೆ ಜಪಾನಿನ ಮಸೂರಗಳತ್ತ ಹೊರಜಗತ್ತಿನ ದೃಷ್ಟಿ ಹರಿಯಿತು.

ಆದರೆ ಹಳೆಯ ಮಸೂರ ಪುಕ್ಕಟೆಯಾಗಿ ಏನನ್ನೂ ಕೊಡುವುದಿಲ್ಲ. ಬಳಸುವವರ ಕೈಯನ್ನೂ ಕಣ್ಣನ್ನೂ ಎರವಲು ಕೇಳುತ್ತದೆ. ಮೊದಲಿಗೆ ಕ್ಯಾಮೆರಾದ ಪಟ್ಟಿಯಲ್ಲಿ ‘ಮಸೂರವಿಲ್ಲದಿದ್ದರೂ ಚಿತ್ರ ತೆಗೆ’ ಎಂಬ ಅರ್ಥದ ಆಯ್ಕೆಯನ್ನು ತೆರೆದಿಡಬೇಕು. ಇಲ್ಲವಾದರೆ ಮುಂದೆ ಏನೂ ಇಲ್ಲವೆಂದು ಭಾವಿಸಿ ಕ್ಯಾಮೆರಾ ಮುಷ್ಕರ ಹೂಡುವುದುಂಟು. ಬೆಳಕಿನ ಕಿಂಡಿಯನ್ನು ಮಸೂರದ ಮೇಲಿನ ಉಂಗುರದಿಂದಲೇ ಹಿಗ್ಗಿಸಿ ಕುಗ್ಗಿಸಬೇಕು. ಫೋಕಸಿನ ಉಂಗುರವನ್ನು ಕೈಯಾರೆ ತಿರುಗಿಸಬೇಕು. ಇದಕ್ಕೆ ಹೊಸ ಕ್ಯಾಮೆರಾ ಎರಡು ಬಗೆಯ ನೆರವನ್ನೀಯುತ್ತದೆ: ಸ್ಪಷ್ಟವಾದ ಅಂಚುಗಳಿಗೆ ಬಣ್ಣದ ಗೆರೆ ಎಳೆದು ತೋರಿಸುವುದು ಒಂದು, ಬೇಕಾದ ಭಾಗವನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸುವುದು ಇನ್ನೊಂದು. ಬಣ್ಣದ ಗೆರೆ ದಾರಿ ತೋರಿಸೀತು. ಮುಖದ ಚಿತ್ರಕ್ಕಾದರೆ ರೆಪ್ಪೆಯ ಕೂದಲನ್ನು ಹಿಗ್ಗಿಸಿ ನೋಡಿಯೇ ನಿರ್ಧರಿಸಬೇಕು.

ಕೆಲವು ಮಿತಿಗಳನ್ನೂ ತಿಳಿದಿರುವುದು ಒಳ್ಳೆಯದು. ಫಲಕ ಚಿಕ್ಕದಾದಷ್ಟೂ ನೋಟ ಕಿರಿದಾಗುತ್ತದೆ. 50 ಮಿಲಿಮೀಟರಿನ ಮಸೂರ ಎಪಿಎಸ್-ಸಿ ಫಲಕದ ಕ್ಯಾಮೆರಾದಲ್ಲಿ ಸುಮಾರು 75ರಂತೆಯೂ, ಪ್ಯಾನಸಾನಿಕ್ ಜಿ-1ರಂಥದರಲ್ಲಿ 100ರಂತೆಯೂ ನಡೆದುಕೊಳ್ಳುತ್ತದೆ. ಮುಖಚಿತ್ರಕ್ಕೆ ಅದು ವರವೇ ಸರಿ. ಮದುವೆಯ ಪಂಕ್ತಿಯನ್ನು ಪೂರ್ತಿ ಹಿಡಿಯಲು ಮಾತ್ರ ಗೋಡೆಗೆ ಬೆನ್ನು ಹತ್ತಿದರೂ ಸಾಲದು. ಎದುರು ಬಿಸಿಲಿಗೆ ಹಳೆಯ ಗಾಜು ಬೆಳ್ಳಗೆ ಮಸುಕಾಗುವುದುಂಟು. ಉದ್ದನೆಯ ಮಸೂರವನ್ನು ಅಂಗೈಯಗಲದ ಕ್ಯಾಮೆರಾಕ್ಕೆ ತಗುಲಿಸಿದರೆ ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ನೆನಪಾಗುತ್ತದೆ. ಆಗ ಕ್ಯಾಮೆರಾವನ್ನಲ್ಲ, ಮಸೂರವನ್ನು ಅಂಗೈಯಲ್ಲಿ ಆತುಕೊಳ್ಳಬೇಕು. ಇನ್ನು ಆಗ್ಫಾ ಕ್ಲಿಕ್‌ನಂತೆ ಮಸೂರವನ್ನು ಬಿಚ್ಚಲು ಬಾರದ ಕ್ಯಾಮೆರಾಗಳಿಗೆ ಈ ಉಪಾಯ ಒದಗದು.

ಎಲ್ಲಕ್ಕಿಂತ ದೊಡ್ಡ ಶತ್ರು ತೇವ. ಮಲೆನಾಡು, ಕರಾವಳಿಗಳ ಮಳೆಗಾಲವನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಕಳೆದ ಮಸೂರದೊಳಗೆ ಬೂಷ್ಟು ಬೆಳೆಯುವುದು ಸಾಮಾನ್ಯ. ಎರಡು ಕಡೆಯ ಮುಚ್ಚಳಗಳನ್ನೂ ತೆಗೆದು, ಕಿಂಡಿಯನ್ನು ಪೂರ್ತಿ ತೆರೆದು, ಒಂದು ಬದಿಯಿಂದ ಟಾರ್ಚಿನ ಬೆಳಕನ್ನು ಹಾಯಿಸಿ ಇನ್ನೊಂದು ಬದಿಯಿಂದ ಓರೆಯಾಗಿ ನೋಡಬೇಕು. ನಾಲ್ಕು ಧೂಳಿನ ಕಣಗಳು ಕಂಡರೆ ಚಿಂತೆಯಿಲ್ಲ. ಜೇಡರ ಬಲೆಯಂಥ ಎಳೆಗಳು ಕಂಡರೆ ತಡಮಾಡದೆ ಬಲ್ಲವರ ಕೈಗೆ ಒಪ್ಪಿಸಬೇಕು; ಬಹುಕಾಲ ಬಿಟ್ಟರೆ ಗಾಜಿನ ಲೇಪವನ್ನೇ ಅದು ತಿಂದುಬಿಡುತ್ತದೆ. ವಿಪರ್ಯಾಸವೆಂದರೆ, ಅಕ್ಕರೆಯಿಂದ ಮಸೂರವನ್ನು ತೊಡಿಸಿಟ್ಟ ಆ ಚರ್ಮದ ಚೀಲವೇ ತೇವವನ್ನು ಹಿಡಿದಿಟ್ಟು ಬೂಷ್ಟಿಗೆ ತವರಾಗುತ್ತದೆ. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ಲಿನ ಒಂದು ಪೊಟ್ಟಣ, ಇಷ್ಟಿದ್ದರೆ ರಕ್ಷಣೆಗೆ ಸಾಕು.

ಇಷ್ಟು ತೊಡಕೇತಕ್ಕೆ, ಹೊಸ ಮಸೂರ ಕಣ್ಣುಮಿಟುಕುವುದರೊಳಗೆ ತಾನೇ ಎಲ್ಲವನ್ನೂ ಮಾಡಿಮುಗಿಸುವುದಿಲ್ಲವೇ ಎಂದು ಯಾರಾದರೂ ಕೇಳಿಯಾರು. ಓಡುವ ಮಗುವಿಗೆ, ಹಾರುವ ಹಕ್ಕಿಗೆ ಹೊಸದೇ ಸರಿ. ಸುಮ್ಮನೆ ಕುಳಿತ ಮುಖಕ್ಕಾದರೆ ಅವಸರವಿಲ್ಲ. ಉಂಗುರ ತಿರುಗುವ ಎರಡು ಮೂರು ಕ್ಷಣ ತೆಗೆಯುವವರು ಎದುರಿನ ಮುಖವನ್ನು ನಿಜವಾಗಿ ನೋಡಬೇಕಾಗುತ್ತದೆ; ಆ ಹೊತ್ತಿನಲ್ಲಿ ಕುಳಿತವರ ಮುಖದ ಬಿಗುವೂ ತಾನಾಗಿ ಸಡಿಲುತ್ತದೆ.

ದಸರೆಯ ಆ ಮನೆಯಲ್ಲಿಯೂ ನಡೆದದ್ದು ಇಷ್ಟೇ ಎಂದಿಟ್ಟುಕೊಳ್ಳಬಹುದು. ಮೊಮ್ಮಗಳು ತನ್ನ ಪುಟ್ಟ ಕ್ಯಾಮೆರಾಕ್ಕೆ ಕೊಳವೆಯನ್ನು ತರಿಸಿ, ತಾತನ ಮಸೂರವನ್ನು ಕೂಡಿಸುತ್ತಾಳೆ. “ತಾತ, ನನಗೆ ಫೋಕಸ್ ಸಿಕ್ಕುತ್ತಿಲ್ಲ, ನೀವೇ ನೋಡಿ” ಎಂದು ಅವರ ಕೈಗಿಡುತ್ತಾಳೆ. ಕನ್ನಡಕವನ್ನು ಹಣೆಗೇರಿಸಿಕೊಂಡ ತಾತನ ಬೆರಳುಗಳಿಗೆ ಉಂಗುರದ ದಾರಿ ಮರೆತಿಲ್ಲ. ಬೊಂಬೆಗಳ ಮುಂದೆ ದೀಪ ಹಚ್ಚುತ್ತಿದ್ದ ಅಜ್ಜಿ, “ನನ್ನದೇನು ತೆಗೆಯುತ್ತೀರಿ, ಮಗುವಿನದು ತೆಗೆಯಿರಿ” ಎಂದು ಹಿಂದಿರುಗುವಷ್ಟರಲ್ಲಿ ಚಿತ್ರ ಮೂಡಿರುತ್ತದೆ. ಮದುವೆಯ ಹೊಸತರಲ್ಲಿ ಅವರನ್ನು ಕಂಡ ಗಾಜು ನರೆತ ಮುಂದಲೆಯನ್ನೂ ಅಷ್ಟೇ ನಿಚ್ಚಳವಾಗಿ ಕಂಡಿರುತ್ತದೆ.

ಹಳೇ ಸಾಮಾನಿನವನು ಬೀದಿಯಲ್ಲಿ ಕೂಗಿಕೊಂಡು ಬಂದಾಗ ಅವನ ಪಾಲಿಗೆ ದೊರೆಯುವುದು ಬೂಷ್ಟು ಹಿಡಿದ ಆ ಚರ್ಮದ ಚೀಲ ಮಾತ್ರ.